ಟರ್ಕಿ ಕೋಳಿಯ ಹೂರಣ

ನವೆಂಬರ್ 18, ಮಂಗಳವಾರ

ಮತ್ತೆ ಟರ್ಕಿ ಕೋಳಿಯಂತೆ!

ಡೋರಿನಮ್ಮ ಬೆಳಿಗ್ಗೆ ಕಾಫಿ ಲೋಟ ಕೆಳಗಿಡೋ ಮೊದಲೇ ಹೇಳಿಬಿಟ್ಟರು. "ಶಶಿ, ಈ ಸಲ ಕ್ರಿಸ್‌ಮಸ್‌ಗೆ ವಾನ್‌ಕೋಳಿ ಮಾಡ್ಬೇಕು. ಅದೇ ಎಂಟು ಜನಾನ ಕರೀತೀನಿ. ಎಂಬತ್ತೆರಡಾಯ್ತು ನಂಗೆ, ಮುಂದಿನ ವರ್ಷ ಇರ್ತೀನೋ ಇಲ್ವೋ."

ಹೋದ ವರ್ಷ ಅದೇ ಎಂಟು ಜನ ಆ ಕೋಳಿ ತಿಂದು ವಾಂತಿ ಭೇದಿಯಲ್ಲಿ ಹೊರಳಾಡಿದ್ದು ಮರೆತುಹೋಯಿತಾ ಇವರಿಗೆ? ಅಡುಗೆಯ ಕುಪ್ಪುಸ್ವಾಮಿ ನಾಲ್ಕೇ ದಿನಕ್ಕೆ ಸತ್ತದ್ದು? ಎಪ್ಪತ್ತನಾಲ್ಕು ವರ್ಷದ ಮುದುಕ, ಸಕ್ಕರೆ ಕಾಯಿಲೆ ಬೇರೆ. ಎಲ್ಲರದ್ದೂ ಊಟ ಆದ ಮೇಲೆ ಕೋಳಿ ಹೊಟ್ಟೆಯಲ್ಲಿ ಉಳಿದಿದ್ದನ್ನ ಕೆರೆದು ಕೆರೆದು ತಿಂದಿದ್ದ. ಅಡುಗೆಯವರ ಪಾಲು ಅದು.

ಆ ಮುದುಕ ಹುಡುಗನಾಗಿದ್ದಾಗಿಂದ ಇಲ್ಲಿನ ಚಿನ್ನದ ಗಣಿ ಆಫೀಸರುಗಳ ಬಂಗಲೆಯಲ್ಲಿ ಬಾಣಸಿಗ. ಗಣಿ ಊರು ಕೋರಮಂಡಲ್‌ನ ಈ ಮನೆಗೆ ಕ್ರಿಸ್‌ಮಸ್‌ಗೆ ಮಾತ್ರ ಬರುತ್ತಿದ್ದ. ದಿನದ ಅಡುಗೆ ಒಂಬತ್ತು ವರ್ಷದಿಂದ ನಂದು. ಹೊಟ್ಟೆಗೆ ತುಂಬೋದನ್ನ ಇವರು ಸ್ಟಫಿಂಗ್ ಅಂತಾರೆ, ನನ್ನ ಬಾಯಲ್ಲಿ ಅದು ಹೂರಣ. ಹೂರಣ ಕೆಟ್ಟಿತ್ತು ಅಂದರು ಡಾಕ್ಟರು. ತುಂಬಿದ್ದು ಕುಪ್ಪುಸ್ವಾಮಿ ಅಂತ ಊರೆಲ್ಲ ಹೇಳುತ್ತೆ. ಕೋಳಿ ಬೇಯಿಸಿದ ಬೇಕರಿ ಮುನಿಶಾಮಿಯ ಒಲೆಯಲ್ಲಿ ಕಾವು ಕಮ್ಮಿ ಇತ್ತು ಅಂತ ಇನ್ನು ಕೆಲವರು. ಇರಬಹುದು. ನಾನಂತೂ ಹಿಂದಿನ ದಿನ ಸಂಜೆ ರೈಲಿಗೇ ಬಂಗಾರಪೇಟೆಗೆ, ನಮ್ಮ ಮನೆಗೆ ಹೊರಟಿದ್ದೆ. ನನಗೂ ಅದಕ್ಕೂ ಸಂಬಂಧ ಇಲ್ಲ.

ಯಾರೂ ಕೇಳದೆ ಇರುವಾಗ ಇದನ್ನ ಯಾಕೆ ಬರೆದೆನೋ.

ನವೆಂಬರ್ 21, ಶುಕ್ರವಾರ

ಕೆಲಸ ಮುಗಿಸಿ ಗಣಿ ಕೂಲಿಗಳ ಕಾಲೊನಿ ಮೈಸೂರು ಮೈನ್ಸ್‌ಗೆ ಹೋಗಿದ್ದೆ. ಕುಪ್ಪುಸ್ವಾಮಿ ಹೆಂಡತಿ ಮಾರಿಯಮ್ಮ ಅಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಒಬ್ಬರೇ ಇದ್ದಾರೆ. ಶುಕ್ರವಾರ ಶುಕ್ರವಾರ ಹೋಗುತ್ತೀನಿ, ನಮ್ಮ ಹಸುವಿನ ಹಾಲು ತಗೊಂಡು. ಯಾಕೆ ಬರುತ್ತೀಯ ಅಂತ ಅವರೂ ಕೇಳಿಲ್ಲ, ನಾನೂ ಹೇಳಿಲ್ಲ.

ಆ ಮನೆ ಗೋಡೆ ಮೇಲೆ ದೇವರ ಫೋಟೋ ಇದೆ, ಸತ್ತುಹೋದ ಅತ್ತೆ ಮಾವನ ಫೋಟೋ ಇದೆ. ಗಂಡನದು ಇಲ್ಲ. ಟ್ರಂಕಿನಲ್ಲಿ ಸೀರೆ ಕೆಳಗೆ ಮಕಾಡೆ ಮಲಗಿಸಿದ್ದಾರೆ.

"ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ವರ್ಷ ತುಂಬ್ತದೆ," ಅಂದರು. "ತಿಥಿ ಮಾಡ್ಬೇಕು. ಯಾರ್ನ ಕರೀಲಿ ಏಳು? ಅನ್ನಕ್ಕೆ ವಿಷ ಆಕ್ದೋನ ಎಸ್ರಲ್ಲಿ ಎಲೆ ಆಕಿದ್ರೆ ಯಾವೋನ್ ಬಂದು ಕೂತ್ಕತಾನೆ?"

"ಹಂಗೆಲ್ಲಾ ಅನ್ಬೇಡಿ ಅಮ್ಮಾ."

"ನಾನ್ ಅನ್ನೋದಲ್ಲ ತಾಯೀ, ಲೈನೇ ಅಂತದೆ. ನಲ್ಲಿ ಅತ್ರ ಓದ್ರೆ ನನ್ ಕೊಡ ಕಂಡು ಬಾಯಿ ಮುಚ್ಕತಾರೆ."

ಟೀ ಕೊಟ್ಟರು. ಕುಡಿದೆ.

ನವೆಂಬರ್ 27, ಗುರುವಾರ

ಅಡುಗೆ ಕೆಲಸ ಮಾಡೋ ಹೆಂಗಸರಿಗೆಲ್ಲ ನಮ್ಮ ಸಂಘದವರು ಬಂಗಾರಪೇಟೆಯಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಬೇಡ ಬೇಡ ಅಂದರೂ ಅನಸೂಯಮ್ಮ ಕೈ ಹಿಡಿದು ಎಳೆದುಕೊಂಡು ಹೋದಳು. ಅವಳು ಶಾಲೆಯ ಬಿಸಿಯೂಟದವಳು, ಅವಳಿಗೆ ಇದೆಲ್ಲ ಹಬ್ಬ.

ಪಾಠ ಮಾಡಿದವರು ವಿಜಯಕುಮಾರ್ ಅಂತ. ಬಿಸಿಯಾದ್ದು ಬಿಸಿಯಾಗಿರಬೇಕು, ತಣ್ಣಗಿನದು ತಣ್ಣಗಿರಬೇಕು, ಬೆಚ್ಚಗಿರುತ್ತಲ್ಲ ಅದರಲ್ಲೇ ಕ್ರಿಮಿ ಮರಿ ಹಾಕೋದು ಅಂದರು. ಹಸಿ ಕೋಳಿಯನ್ನ ನಲ್ಲಿ ಕೆಳಗೆ ತೊಳೀಬೇಡಿ, ನೀರು ಸಿಡಿದ ಕಡೆಯೆಲ್ಲ ಹರಡುತ್ತೆ ಅಂದರು. ಹೆಂಗಸರೆಲ್ಲ ಅಯ್ಯೋ ತೊಳೀದೆ ತಿನ್ನೋದಾ ಅಂತ ಗಲಾಟೆ ಎಬ್ಬಿಸಿದರು. ಆ ಗಲಾಟೆಯಲ್ಲಿ ನನಗೇನು ಬಂತೋ, ಎದ್ದು ನಿಂತು ಟರ್ಕಿ ಕೋಳಿ ವಿಷಯ ಕೇಳಿದೆ.

"ಒಳ್ಳೇ ಪ್ರಶ್ನೆ ಅಮ್ಮ. ಹೊಟ್ಟೆಗೆ ತುಂಬೋದಾದ್ರೆ ಒಲೆಗಿಡೋ ಹೊತ್ತಿಗೇ ತುಂಬ್ಬೇಕು. ಸಡಿಲವಾಗಿ ತುಂಬ್ಬೇಕು, ತುರುಕಬಾರದು. ಮೇಲೆ ಕೆಂಪಗಾಯ್ತು ಅಂತ ಇಳಿಸ್ಬೇಡಿ. ಹೂರಣದ ನಟ್ಟನಡುವೆ ಥರ್ಮಾಮೀಟರ್ ಚುಚ್ಚಿದ್ರೆ ಎಪ್ಪತ್ತನಾಲ್ಕು ಡಿಗ್ರಿ ತೋರಿಸ್ಬೇಕು. ಉಳಿದಿದ್ದನ್ನ ಎರಡು ಗಂಟೆ ಒಳಗೆ ಹೊರಗೆ ತೆಗೆದು ಫ್ರಿಜ್ಜಿಗಿಡಿ. ನನ್ನ ಕೇಳಿದ್ರೆ ತುಂಬೋದೇ ಬೇಡ, ಬೇರೆ ಟ್ರೇಯಲ್ಲಿ ಬೇಯಿಸಿ."

"ಹಿಂದಿನ ಸಂಜೇನೇ ತುಂಬಿಟ್ಟಿದ್ರೆ ಸಾರ್? ಡಿಸೆಂಬರ್ ಚಳೀಲಿ?"

ಅವರು ನಕ್ಕರು. "ಚಳಿ ನಿಮಗಮ್ಮ. ಹೊಟ್ಟೆ ಒಳಗಿರೋದಕ್ಕೆ ಎಲ್ಲಿ ಚಳಿ? ಬೆಳಗಾಗೋ ಹೊತ್ತಿಗೆ ವಿಷ ಕಾಯಿಸಿಟ್ಟ ಹಾಗೇ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಊಟ ಕೊಟ್ಟರು, ಪಲಾವು ಮೊಸರುಬಜ್ಜಿ. ನನ್ನ ತಟ್ಟೆಯದೂ ಅನಸೂಯಮ್ಮನೇ ತಿಂದಳು.

ನವೆಂಬರ್ 28, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ. ಜ್ವರ ಅಂತ ಫೋನ್ ಮಾಡಿದೆ. ಜ್ವರ ಇಲ್ಲ. ಮಾರಿಯಮ್ಮನ ಮನೆಗೂ ಹೋಗಲಿಲ್ಲ.

ಡಿಸೆಂಬರ್ 3, ಬುಧವಾರ

ಇದನ್ನ ಓದೋರು ಯಾರಿದ್ದಾರೆ? ಗಂಡ ಚಲಪತಿಗೆ ಅಕ್ಷರ ಬರಲ್ಲ. ಮಗಳು ಲಿಖಿತ ತನ್ನ ಪುಸ್ತಕವನ್ನೇ ತೆಗೆಯಲ್ಲ, ಇನ್ನು ನನ್ನದನ್ನ ತೆಗೀತಾಳಾ! ಬರೆದೇಬಿಡುತ್ತೀನಿ.

ತುಂಬಿದ್ದು ನಾನು.

ಹೋದ ವರ್ಷ ಡಿಸೆಂಬರ್ ಇಪ್ಪತ್ತನಾಲ್ಕು, ಸಂಜೆ. ಬ್ರೆಡ್ ಪುಡಿ, ಈರುಳ್ಳಿ, ಕೋಳಿ ಲಿವರ್, ಮೆಣಸು ಎಲ್ಲ ಹುರಿದು ಹೂರಣ ಬಾಣಲೆಯಲ್ಲಿತ್ತು. ಕುಪ್ಪುಸ್ವಾಮಿ ಮನೆಗೆ ಹೊರಡುವಾಗ ಹೇಳಿದರು, "ಇವತ್ತೇ ತುಂಬ್ಬೇಡ, ಇದನ್ನ ಆರಿಸಿ ಫ್ರಿಜ್ಜಲ್ಲಿಡು ತಾಯಿ. ಬೆಳಿಗ್ಗೆ ಮೊದಲ್ನೇ ರೈಲಿಗೆ ಬಾ. ಬೇಕರಿಗೆ ಕಳಿಸೋ ಮುಂಚೆ ಇಬ್ರೂ ಸೇರಿ ತುಂಬೋಣ."

ಡೋರಿನಮ್ಮನ ಒಲೆ ಚಿಕ್ಕದು, ಅಷ್ಟು ದೊಡ್ಡ ಕೋಳಿ ಹಿಡಿಸಲ್ಲ. ಇಲ್ಲಿ ಹಿಂದಿನಿಂದಲೂ ಹಾಗೇ, ಬೆಳಗಿನ ಬ್ರೆಡ್ ತೆಗೆದ ಮೇಲೆ ಬೇಕರಿ ಒಲೆಯಲ್ಲಿ ಉಳಿದ ಕಾವಿಗೆ ಹಬ್ಬದ ಕೋಳಿಗಳನ್ನ ಸಾಲಾಗಿ ಇಟ್ಟು ಬಾಗಿಲು ಮುಚ್ಚುತ್ತಾರೆ.

ಮೊದಲ ರೈಲು ಅಂದರೆ ನಾನು ಎಷ್ಟು ಹೊತ್ತಿಗೆ ಏಳಬೇಕು? ಹಸು ಯಾರು ಕರೀಬೇಕು? ಮುದುಕನ ಕೈ ಬೇರೆ ನಡುಗುತ್ತಿತ್ತು, ಸೂಜಿ ಹಿಡಿಯೋಕೆ ಆಗುತ್ತಿರಲಿಲ್ಲ. ನಾನೇ ಮಾಡಿಟ್ಟರೆ ಇಬ್ಬರಿಗೂ ಸಲೀಸು ಅಂದುಕೊಂಡೆ. ಬಿಸಿ ಬಿಸಿ ಹೂರಣಾನೇ ಅದುಮಿ ಅದುಮಿ ತುಂಬಿ ಹೊಲಿದೆ. ಫ್ರಿಜ್ಜಿಗೆ ಹಿಡಿಸಲಿಲ್ಲ. ಒದ್ದೆ ಬಟ್ಟೆ ಹೊದಿಸಿ ಅಡುಗೆಮನೆ ಕಲ್ಲಿನ ಮೇಲಿಟ್ಟು ರೈಲಿಗೆ ಓಡಿದೆ. ನಮ್ಮ ಮನೆಯಲ್ಲಿ ಸಂಜೆ ಮಾಡಿದ ಕೋಳಿ ಸಾರು ಒಲೆ ಮೇಲೇ ಇರುತ್ತೆ. ಬೆಳಿಗ್ಗೆ ಕುದಿಸಿ ಮುದ್ದೆಗೆ ಹಾಕಿಕೊಂಡರೆ ಅದರ ರುಚಿಯೇ ಬೇರೆ. ನಮ್ಮ ಅಮ್ಮ ಹಂಗೇ ಮಾಡಿದ್ದು, ನಾನೂ ಹಂಗೇ ಮಾಡಿದ್ದು, ಯಾರಿಗೆ ಏನಾಗಿದೆ? ಸಾರು ಕುದಿಯುತ್ತೆ, ಹೂರಣ ಕುದಿಯಲ್ಲ ಅನ್ನೋ ಬುದ್ಧಿ ಈ ತಲೆಗೆ ಎಲ್ಲಿಂದ ಬರಬೇಕು.

ಬೆಳಿಗ್ಗೆ ಅವರ ಫೋನ್ ಬಂತು. "ತುಂಬ್ಬಿಟ್ಟಿದೀಯಾ?"

"ಊಂ ತಾತ. ನಿಮ್ ಕೈ ನಡುಗ್ತದಲ್ಲ ಅಂತ."

"ಬಿಚ್ಚಿ ಬೇರೆ ಮಾಡಕ್ಕೆ ಒತ್ತಿಲ್ಲ. ಮುನಿಶಾಮಿ ಬ್ರೆಡ್ ತೆಗೆದಾಯ್ತಂತೆ. ಓಗ್ಲಿ ಬಿಡು," ಅಂದರು.

ಅವರು ಬಿಚ್ಚಬಹುದಿತ್ತು. ಆ ಒಂದು ಮಾತನ್ನ ಹಿಡ್ಕೊಂಡು ಒಂದು ವರ್ಷ ದಬ್ಬಿದೀನಿ. ಯಾರು ಮಾಡಿದ್ದು ಅಂತ ಡೋರಿನಮ್ಮ ಕೇಳಿದಾಗ "ಎಲ್ಲಾ ನಂದೇ ಅಮ್ಮ" ಅಂದರಂತೆ. ಅವರು ಹಾಗಂದಿದ್ದು ಗೊತ್ತಾದಾಗ ನನಗೆ ಏನಾಯಿತು ಅಂತ ಬರೀಲಾ? ಜೀವ ಹಗುರಾಯಿತು. ಥೂ ನನ್ನ ಜನ್ಮಕ್ಕೆ. ಆಸ್ಪತ್ರೆಗೆ ಹೋಗಿ ನೋಡೋಕೆ ಕಾಲು ಬರಲಿಲ್ಲ.

ಡಿಸೆಂಬರ್ 8, ಸೋಮವಾರ

ಡೋರಿನಮ್ಮನ ಕೈಲಿ ಥರ್ಮಾಮೀಟರ್ ತರಿಸಿದೆ, ಚೂಪು ಕಡ್ಡಿ ಇರೋದು. ಇವತ್ತು ಒಂದು ಫಾರಂ ಕೋಳಿಗೆ ಹೂರಣ ತುಂಬಿ ಅವರ ಒಲೆಯಲ್ಲೇ ಇಟ್ಟು ನೋಡಿದೆ. ಚರ್ಮ ಕೆಂಪಗೆ ಗರಿಗರಿ, ಮನೆಯೆಲ್ಲ ಘಮಘಮ. "ಆಯ್ತಲ್ಲಾ ಶಶಿ, ತೆಗಿ," ಅಂದರು. ಚುಚ್ಚಿದೆ. ಐವತ್ತೆಂಟು. ಮತ್ತೆ ಒಳಗಿಟ್ಟೆ. ಎಪ್ಪತ್ತನಾಲ್ಕು ಬರೋ ಹೊತ್ತಿಗೆ ಎದೆಮಾಂಸ ಕಟ್ಟಿಗೆಯಾಗಿತ್ತು.

"ಟ್ರೇಯಲ್ಲಿ ಬೇರೆ ಮಾಡ್ತೀನಿ ಅಮ್ಮ, ಒಳಗೆ ತುಂಬಲ್ಲ. ಕೋಳೀನೂ ನಿಮ್ಮೊಲೆಗೆ ಹಿಡಿಸೋ ಅಷ್ಟು ಚಿಕ್ಕದು ತರಿಸಿ, ಬೇಕರಿ ಬೇಡ."

"ಒಳಗಿಂದು ಅಂದ್ರೆ ಅದರ ಟೇಸ್ಟೇ ಬೇರೆ. ಕುಪ್ಪುಸ್ವಾಮಿ ಯಾವತ್ತೂ ಟ್ರೇಯಲ್ಲಿ ಮಾಡಿದ್ದಿಲ್ಲ."

"ಹಂಗಾದ್ರೆ ಬೇರೆಯವರನ್ನ ಕರೆಸ್ಕೊಳ್ಳಿ!"

ಕೂಗಿಯೇಬಿಟ್ಟೆ. ಒಂಬತ್ತು ವರ್ಷದಲ್ಲಿ ಅವರ ಮುಂದೆ ದನಿ ಎತ್ತಿದ್ದು ಇದೇ ಮೊದಲು. ಪಾಪ, ಹೆದರಿ ಕನ್ನಡಕ ತೆಗೆದು ಒರೆಸಿಕೊಂಡರು. ಟ್ರೇಯಲ್ಲೇ ಮಾಡು ಅಂದರು.

ಡಿಸೆಂಬರ್ 12, ಶುಕ್ರವಾರ

ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಡೋರಿನಮ್ಮ ಎದುರು ಬಂದು ಕೂತು ತಾವಾಗೇ ಶುರು ಮಾಡಿದರು. "ತಪ್ಪು ನಂದೂ ಇದೆ ಶಶಿ. ಅಷ್ಟು ವಯಸ್ಸಾಗಿತ್ತು, ಕೈ ನಡುಗ್ತಿತ್ತು. ನಾನೇ ಬೇಡ ಅನ್ಬೇಕಿತ್ತು. ನೀನಾದ್ರೂ ಆ ರಾತ್ರಿ ಇಲ್ಲಿದ್ದಿದ್ರೆ ನೋಡ್ಕೋತಿದ್ದೆ."

ಬಾಯಿ ತೆಗೆದೆ. "ಅಮ್ಮ" ಅಂದೆ.

"ಏನು?"

"ಬೆಳ್ಳುಳ್ಳಿ ಸಾಕಾ?"

ಸಾಕು ಅಂದರು.

ಡಿಸೆಂಬರ್ 19, ಶುಕ್ರವಾರ

ಮಾರಿಯಮ್ಮ ಲೈನಿನಲ್ಲಿ ಮನೆಮನೆಗೂ ಹೋಗಿ ಕರೆದು ಬಂದಿದ್ದಾರೆ. ನೋಡೋಣ ಅಂದವರು ಕೆಲವರು, ಊರಿಗೆ ಹೋಗುತ್ತೀವಿ ಅಂದವರು ಕೆಲವರು. ಕೊನೆ ಮನೆಯವರು ಮುಖದ ಮೇಲೇ ಕೇಳಿದರಂತೆ, ಅಡುಗೆ ಯಾರದು ಅಂತ.

"ಅದಕ್ಕೆ ಒಂದ್ ಮಾತ್ ಅಂದ್ಕಂಡಿವ್ನಿ," ಅಂದರು. "ನೀನೇ ಬಂದು ಅಡುಗೆ ಮಾಡು ತಾಯೀ. ಡೋರಿನಮ್ಮನ ಮನೇವಳು ಅಂದ್ರೆ ಎಲ್ರೂ ಒಪ್ತಾರೆ. ಒಳ್ಳೇ ಕೈ ಅಂತಾರೆ ನಿಂದು. ಆವತ್ತು ನೀನ್ ಮಾಡಿದ್ರೆ ಇಂಗಾಗ್ತಿರ್ಲಿಲ್ಲ ಅಂತ ಈ ಲೈನೇ ಮಾತಾಡ್ಕತದೆ."

ನಾನು ಹಾಲಿನ ಪಾತ್ರೆ ಎತ್ತಿಕೊಂಡು ಎದ್ದೆ. ಕೆನ್ನೆ ಮುಟ್ಟಿ ಕೇಳಿದರು. "ಯಾಕ್ ನನ್ ಕಣ್ಣು, ಆಗಲ್ವಾ?"

ಆಗುತ್ತೆ ಅಂದೆ. ಇನ್ನೇನು ಅನ್ನಲಿ?

ಡಿಸೆಂಬರ್ 20, ಶನಿವಾರ

ಚಲಪತಿ ಕೇಳಿದ, "ಯಾಕೆ, ಮುದ್ದೆ ಮುಟ್ತಿಲ್ಲ ನೀನು? ಒಂದ್ ತಿಂಗ್ಳಿಂದ ನೋಡ್ತಿವ್ನಿ, ಬಡಿಸಿ ಎದ್ದೋಗ್ತೀಯ."

ಸುಳ್ಳು. ನಿನ್ನೆ ತಿಂದೆ. ಮೊನ್ನೆಯೋ.

ಡಿಸೆಂಬರ್ 25, ಗುರುವಾರ

ಎಲ್ಲ ಪಾಠದ ಪ್ರಕಾರ. ಕೋಳಿ ನಿನ್ನೆಯಿಡೀ ಫ್ರಿಜ್ಜಿನಲ್ಲೇ ಇತ್ತು. ತೊಳೆಯಲಿಲ್ಲ, ಒರೆಸಿದೆ ಅಷ್ಟೆ. ಹಸಿ ಮಾಂಸ ಹೆಚ್ಚೋ ಮಣೆ ಬೇರೆ, ಬೆಂದದ್ದರ ಮಣೆ ಬೇರೆ. ಹೂರಣ ಬೆಳಿಗ್ಗೆ ಕಲಸಿ, ಟ್ರೇಯಲ್ಲಿ ತೆಳ್ಳಗೆ ಹರಡಿ ಬೇಯಿಸಿದೆ. ಚುಚ್ಚಿದೆ, ಎಂಬತ್ತೊಂದು. ಇನ್ನೊಂದು ಕಡೆ ಚುಚ್ಚಿದೆ, ಎಪ್ಪತ್ತೊಂಬತ್ತು. ಕೋಳಿ ತೊಡೆಗೆ ಮೂರು ಕಡೆ ಚುಚ್ಚಿದೆ. ಎಷ್ಟು ಸುಲಭ ಗೊತ್ತಾ? ಒಂದು ಟ್ರೇ, ಮುಕ್ಕಾಲು ಗಂಟೆ. ಅಷ್ಟೇ ಬೇಕಾಗಿದ್ದಿದ್ದು.

ಹೋದ ವರ್ಷದ ಎಂಟು ಜನವೂ ಬಂದರು. ಮೊದಲು ಹಕ್ಕಿ ಹಾಗೆ ಚೂರೇ ಚೂರು ಕುಕ್ಕಿದರು. ಆಮೇಲೆ ಹೊಟ್ಟೆ ತುಂಬ ತಿಂದರು. ಒಬ್ಬ ಯಜಮಾನರು ಅಡುಗೆಮನೆವರೆಗೂ ಬಂದು, "ಆ ಮುದುಕನಿಗಿಂತ ನೀನೇ ವಾಸಿಯಮ್ಮ" ಅಂದು ಹೋದರು.

ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಹೊಟ್ಟೆಯಲ್ಲಿ ಏನಿತ್ತು ಬರೋಕೆ? ನೀರು.

ಡಿಸೆಂಬರ್ 27, ಶನಿವಾರ

ಯಾರಿಗೂ ಏನೂ ಆಗಿಲ್ಲ. ದಿನಕ್ಕೆ ಐದು ಸಲ ಡೋರಿನಮ್ಮನಿಗೆ ಫೋನ್ ಮಾಡಿ ಕೇಳಿದೆ. ಇವತ್ತು ಬೈದರು.

ಡಿಸೆಂಬರ್ 29, ಸೋಮವಾರ

ಬೆಳಕು ಹರಿಯೋ ಹೊತ್ತಿಗೇ ಮೈಸೂರು ಮೈನ್ಸ್‌ನಲ್ಲಿದ್ದೆ. ಅನ್ನ, ಸಾಂಬಾರು, ವಡೆ, ಪಾಯಸ. ಹನ್ನೊಂದು ಜನ ಬಂದರು. ಹನ್ನೊಂದು ಜನ! ಮಾರಿಯಮ್ಮ ಬಾಗಿಲಿಗೂ ಒಲೆಗೂ ಓಡಾಡಿದ್ದೇ ಓಡಾಡಿದ್ದು. ಮನೆ ಮುಂದೆ ಚಾಪೆ ಹಾಸಿ ಎಲೆ ಹಾಕಿದರು. ವಡೆ, ಅನ್ನ ಬಡಿಸಿದೆ. ಪೂಜೆ ಮುಗಿದ ಮೇಲೆ ಕೈ ಹಾಕೋದು ಅಂತ ಎಲ್ಲ ಕಾದು ಕೂತಿದ್ದರು.

ಮಾರಿಯಮ್ಮ ಒಳಗೆ ಬಂದು ಟ್ರಂಕ್ ತೆಗೆದರು. ಸೀರೆ ಕೆಳಗಿನ ಫೋಟೋ ಎತ್ತಿ, ಸೆರಗಿನಲ್ಲಿ ಒರೆಸಿ, ಗೋಡೆಗೆ ಒರಗಿಸಿಟ್ಟರು. ಹೂವಿನ ಹಾರ ಕೈಗೆ ತಗೊಂಡು ನನ್ನ ಕಡೆ ತಿರುಗಿದರು. "ನಿನ್ನಿಂದ ಇವತ್ತು ಇವನ್ಗೂ ಒಂದ್ ಎಲೆ ಬಿತ್ತು ತಾಯೀ. ನಿನ್ ಮಕ್ಳು ಮರಿ ಚೆನ್ನಾಗಿರ್ಲಿ."

ಲಿಖಿತಾಳ ಹೆಸರಿಗೆ ಆ ಆಶೀರ್ವಾದ ಬೀಳೋದನ್ನ ಕೇಳೋಕೆ ಆಗಲಿಲ್ಲ ನನಗೆ. "ಅಮ್ಮಾ, ತುಂಬಿದ್ದು ನಾನು," ಅಂದೆ. ಎಲ್ಲ ಹೇಳಿದೆ. ತಾತ ಬೇಡ ಅಂದಿದ್ದು, ಹಿಂದಿನ ಸಂಜೆ ತುಂಬಿ ಹೊಲಿದು ಹೊರಗಿಟ್ಟು ಹೋಗಿದ್ದು, ಬೆಳಿಗ್ಗೆಯ ಫೋನು, ನನ್ನ ತಪ್ಪನ್ನ ಅವರು ಮೈಮೇಲೆ ಹಾಕಿಕೊಂಡಿದ್ದು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದು.

ಹಾರ ಹಿಡಿದ ಕೈ ಹಾಗೇ ಇತ್ತು. "ಇನ್ನೊಂದ್ಸಲ ಏಳು," ಅಂದರು.

ಇನ್ನೊಂದು ಸಲ ಹೇಳಿದೆ.

ಹಾರ ಫೋಟೋಗೆ ಹಾಕಿದರು. ಫೋಟೋ ಎತ್ತಿಕೊಂಡು ಹೊರಗೆ ಹೋದರು. "ಕೇಳ್ರಪ್ಪಾ ಎಲ್ರೂ! ಆ ಕೋಳಿ ನನ್ ಗಂಡ ತುಂಬಿದ್ದಲ್ಲ. ಬೇಡ ಅಂದಿದ್ದ ಅವನು. ತುಂಬಿದ್ದು ಒಳಗ್ ನಿಂತವಳೆ ನೋಡಿ, ಅವಳು. ಅವಳ್ ಬಾಯಿಂದ್ಲೇ ಏಳವಳೆ!"

ಒಬ್ಬರು ತಮ್ಮ ಎಲೆ ನೋಡಿಕೊಂಡರು. ಆಮೇಲೆ ಎಲ್ಲರೂ ನೋಡಿಕೊಂಡರು. ವಡೆ, ಅನ್ನ, ನಾನು ಬಡಿಸಿದ್ದು. ಮೊದಲು ಕೊನೆ ಮನೆಯವರು ಎದ್ದರು. ತಿನ್ನದೇ ಇದ್ದರೂ ಕೈ ತೊಳೆದುಕೊಂಡರು. ಒಬ್ಬೊಬ್ಬರೇ ಎದ್ದು ಫೋಟೋ ಮುಂದೆ ನಿಂತು, "ತಪ್ಪಾಯ್ತಪ್ಪಾ ಕುಪ್ಪುಸ್ವಾಮಿ" ಅಂತ ಕೈ ಮುಗಿದು ಹೊರಟರು. ಹನ್ನೊಂದು ಎಲೆಯೂ ಹಾಗೇ ಉಳಿಯಿತು.

ಮಾರಿಯಮ್ಮ ಒಳಗೆ ಬಂದರು. ಹೊಡೀತಾರೆ ಅಂದುಕೊಂಡೆ. ಹೊಡೀಲಿ ಅಂತ ನಿಂತೆ. ಅವರು ನೆಲಕ್ಕೆ ಕೂತು, ತೊಡೆ ಮೇಲೆ ಫೋಟೋ ಇಟ್ಟುಕೊಂಡರು.

"ನಾಲ್ಕ್ ದಿನ ಬೈದೆ ಕಣೇ ಇವನ್ನ. ಆಸ್ಪತ್ರೇಲಿ, ಎಲ್ರ ಮುಂದೆ. ನೀರ್ ಕೇಳ್ದ. ಮಂದಿಗೆ ವಿಷ ಆಕ್ದೋನ್ಗೆ ನೀರ್ ಬೇರೆ ಕೇಡು ಅಂದೆ. ಸುಮ್ನೆ ನನ್ ಮಕ ನೋಡ್ದ. ಒಂದ್ ಮಾತ್ ತಿರುಗಿ ಏಳ್ಲಿಲ್ಲ ಪಾಪಿ. ಸತ್ತಾಗ ಒಂದ್ ತೊಟ್ ಕಣ್ಣೀರ್ ಆಕ್ಲಿಲ್ಲ ನಾನು. ಇವನ ಎಂಡ್ತಿ ಅನ್ನಿಸ್ಕಳಕ್ಕೆ ನಾಚ್ಕೆ ಆಗಿತ್ತು ನಂಗೆ."

ಕಾಲಿಗೆ ಬಿದ್ದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ಎದ್ದೋಗು ನೀನು," ಅಂದರು. "ನನ್ ಗಂಡ ಸತ್ತೋಗವ್ನೆ. ನಾನ್ ಅಳ್ಬೇಕು."

ನಾನು ಹೊರಗೆ ಬಂದೆ. ಬಾಗಿಲು ಹಾಕಿಕೊಂಡರು. ಲೈನಿನ ತುದಿ ದಾಟಿದ ಮೇಲೂ ಕೇಳಿಸುತ್ತಿತ್ತು.